ಭಾನುವಾರ ಡೆಫ್ ಗೆಳೆಯರ ಜೊತೆ ಟೀ, ಸೋಮವಾರ ಅವರಿಗೇ ಇಂಟರ್‌ಪ್ರಿಟರ್. ನೀವೆಲ್ಲ ಏನು ಮಾಡ್ತೀರಿ?

ಬೆಣ್ಣೆದೋಸೆ ಕೇಳಿದ್ದು:

ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯ್ತು. ಬೆಂಗಳೂರಿನಲ್ಲಿ ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟರ್ ಆಗಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ಕಿವುಡರಿಲ್ಲ. ಹಾಗಾಗಿ ಕ್ಲಾಸಿನಲ್ಲಿ ಕಲಿತದ್ದು ಬಿಟ್ಟರೆ ಮಿಕ್ಕ ಭಾಷೆಯೆಲ್ಲ ಸಿಕ್ಕಿದ್ದು ಒಂದು ಪಾರ್ಕಿನಲ್ಲಿ. ಭಾನುವಾರ ಸಂಜೆ ಏಳೆಂಟು ಜನ ಡೆಫ್ ಗೆಳೆಯರು ಅಲ್ಲಿ ಸೇರುತ್ತಾರೆ, ನಾನೂ ಹೋಗುತ್ತೇನೆ. ಕತ್ತಲಾದರೆ ಎಲ್ಲರೂ ದೀಪದ ಕಂಬದ ಕೆಳಗೆ ಸರಿದು ನಿಲ್ಲುತ್ತೇವೆ, ಕೈ ಕಾಣಬೇಕಲ್ಲ. ಹೊರಡ್ತೀನಿ ಅಂದ ಮೇಲೂ ಮುಕ್ಕಾಲು ಗಂಟೆ ಮಾತು. ನನಗೆ ಹೆಸರಿನ ಸನ್ನೆ (ಹೆಸರಿನ ಬದಲು ನನ್ನನ್ನು ಕರೆಯುವ ಸನ್ನೆ) ಕೊಟ್ಟವರೂ ಅವರೇ. ಅದೇನು ಅಂತ ಬರೆದರೆ ಇಲ್ಲಿ ಸಿಕ್ಕಿಬೀಳ್ತೀನಿ.

ಈಚೆಗೆ ಒಂದು ಆಸ್ಪತ್ರೆಯಿಂದ ಕರೆ ಬಂತು. ಹೋಗಿ ನೋಡಿದರೆ ಕುಳಿತಿದ್ದವರು ಆ ಗುಂಪಿನ ಹಿರಿಯಣ್ಣ. ನನ್ನನ್ನು ನೋಡಿ ಮೊದಲು ನಕ್ಕರು. ಆಮೇಲೆ ಕೈಯಲ್ಲಿದ್ದ ಫೈಲನ್ನು ಮಗುಚಿ ತೊಡೆ ಮೇಲೆ ಇಟ್ಟುಕೊಂಡರು. ಬೇರೆಯವರನ್ನು ಕರೆಸಲಾ ಅಂತ ಕೇಳಿದೆ. "ಈಗ ಯಾರು ಸಿಗ್ತಾರೆ, ಬಿಡು" ಅಂದರು. ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಖುಷಿಯ ಸುದ್ದಿಯೇನಲ್ಲ.

ಮುಂದಿನ ಭಾನುವಾರ ಅವರು ಪಾರ್ಕಿಗೆ ಬರಲಿಲ್ಲ. ಒಬ್ಬರು ನನ್ನನ್ನೇ ಕೇಳಿದರು: "ಅಣ್ಣ ಎಲ್ಲಿ? ಅವರ ಜೊತೆ ಆಸ್ಪತ್ರೆ ಗೇಟಲ್ಲಿ ನಿನ್ನನ್ನ ಯಾರೋ ನೋಡಿದ್ರಂತೆ." ನಾನು ಬಾಯಿ ಬಿಡಲಿಲ್ಲ. ಬಾಯಿ ಅಂದರೆ ಕೈ. ಆದರೆ ಮುಖ? ಈ ಭಾಷೆಯಲ್ಲಿ ಮುಖವೂ ಮಾತಾಡುತ್ತದೆ. ಅರ್ಧ ಸೆಕೆಂಡ್ ತಡವರಿಸಿದ್ದೇ ಅವರಿಗೆ ಉತ್ತರ ಆಗಿಹೋಯ್ತೇನೋ ಅಂತ ಭಯ.

ನನ್ನ ಜೊತೆ ಓದಿದವಳು "ಹೋಗೋದೇ ಬಿಟ್ಟುಬಿಡು, ಕೆಲಸ ಕೆಲಸದ ಥರ ಇರಲಿ" ಅನ್ನುತ್ತಾಳೆ. ಬಿಡಬೇಕಾ?

(ತಿದ್ದಿದ್ದು: ಪಾರ್ಕಿನ ಹೆಸರು ತೆಗೆದಿದ್ದೇನೆ.)

ಹಳೇ ಹುಬ್ಬಳ್ಳಿ:

ಬಿಡಬೇಡಿ ಮೇಡಂ. ಆದರೆ ಮೊದಲು ಪಾರ್ಕಿನ ಹೆಸರು ತೆಗೀರಿ. ಡೆಫ್ ಲೋಕ ಚಿಕ್ಕದು. ಇಷ್ಟು ಬರೆದದ್ದೇ ಜಾಸ್ತಿ.

ನಾನು ಈ ಕೆಲಸಕ್ಕೆ ಇಳಿದಾಗ ದೆಹಲಿಯ ಐಎಸ್‌ಎಲ್‌ಆರ್‌ಟಿಸಿ (ಭಾರತೀಯ ಸನ್ನೆ ಭಾಷೆಯ ಸಂಶೋಧನೆ, ತರಬೇತಿಯ ಸರ್ಕಾರಿ ಕೇಂದ್ರ) ಇರಲಿಲ್ಲ, ಅದು ಬಂದದ್ದು 2015ರಲ್ಲಿ. ಅವರ ಸನ್ನೆಗಳ ಡಿಕ್ಷನರಿ 2018ರಲ್ಲಿ 3,000 ಪದದಿಂದ ಶುರುವಾಗಿ 2021ಕ್ಕೆ 10,000 ಮುಟ್ಟಿತು. ಒಳ್ಳೆಯದೇ ಆಯ್ತು. ಆದರೆ ನಮ್ಮ ಕಡೆ ಹಿರಿಯರ ಕೈ ಡಿಕ್ಷನರಿ ನೋಡಿ ಆಡುವುದಿಲ್ಲ. ಒಮ್ಮೆ ಬ್ಯಾಂಕಿನಲ್ಲಿ ಒಬ್ಬ ಅಜ್ಜಾರು ವಾರದ ಹೆಸರನ್ನು ತಮ್ಮ ಶಾಲೆಯ ಹಳೇ ಸನ್ನೆಯಲ್ಲಿ ಹೇಳಿದರು. ನಾನು ಗುರುವಾರ ಅಂತ ಮ್ಯಾನೇಜರಿಗೆ ಹೇಳಿದೆ. ಅವರು ಹೇಳಿದ್ದು ಶನಿವಾರ. ಪಾಪ, ಎರಡು ಸಲ ಬಸ್ ಚಾರ್ಜ್ ಕೊಟ್ಟು ಓಡಾಡಿದರು. ಆ ಸನ್ನೆ ನನಗೆ ಸರಿಯಾಗಿ ಕೂತದ್ದು ಆಮೇಲೆ, ಅವರ ಮೊಮ್ಮಗನ ನಾಮಕರಣದಲ್ಲಿ, ಕೇರಂ ಆಡುತ್ತ.

ನಾನು ಪಾಲಿಸೋದು ಇಷ್ಟು. ಕೆಲಸದಲ್ಲಿ ಕಂಡವರು ಹೊರಗೆ ಸಿಕ್ಕರೆ ನಾನಾಗಿ ಮೊದಲು ನಮಸ್ಕಾರ ಮಾಡಲ್ಲ. ಅವರು ಕೈ ಎತ್ತಿದರೆ ನಾನೂ ಎತ್ತುತ್ತೇನೆ. ಆಸ್ಪತ್ರೆ, ಠಾಣೆ, ಗಂಡ ಹೆಂಡತಿ ಜಗಳ ಅಂದರೆ ಹೋಗುವ ಮೊದಲೇ ಯಾರು ಅಂತ ಕೇಳಿ, ತೀರಾ ಹತ್ತಿರದವರಾದರೆ ಬೇರೆಯವರಿಗೆ ಬಿಡುತ್ತೇನೆ. ಇನ್ನು ಯಾರ ಬಗ್ಗೆ ಯಾರು ಕೇಳಿದರೂ "ಅವರನ್ನೇ ಕೇಳಿ". ನಿಜವಾಗಿ ಗೊತ್ತಿಲ್ಲದಿದ್ದಾಗಲೂ ಅದೇ. ಊಟ ಆಯ್ತಾ ಅವರದು ಅಂದರೂ ಅದೇ. ನಗುತ್ತಾರೆ, ನಗಲಿ. ಅಭ್ಯಾಸ ಆದರೆ ಮುಖ ತಡವರಿಸಲ್ಲ.

ಮಲ್ಲೇಶ್ವರ 8ನೇ ಕ್ರಾಸ್:

ನನ್ನ ಗೋಳು ಬೇರೆ. ಮದುವೆ ಊಟಕ್ಕೆ ಬಾ ಅಂತ ಕರೆದರು. ಪುರೋಹಿತರಿಂದ ಫೋಟೋಗ್ರಾಫರ್‌ವರೆಗೆ ಎಲ್ಲರ ಮಾತೂ ನನ್ನ ಕೈಯಲ್ಲೇ. ಮೂರೂವರೆಗೆ ಊಟಕ್ಕೆ ಕೂತರೆ ಹೋಳಿಗೆ ಖಾಲಿ. ಈಗ ಮೊದಲೇ ಕೇಳ್ತೀನಿ: ನೆಂಟಳಾಗಿ ಬರಲಾ, ಇಂಟರ್‌ಪ್ರಿಟರ್ ಆಗಿ ಬರಲಾ?

ಎರಡು ಕೈ:

ನಾನು ಕಿವುಡ. ನಮ್ಮ ವಿಷಯ ನೀವೇ ಮಾತಾಡ್ತಿದ್ದೀರಲ್ಲ, ನನ್ನದೂ ಸೇರಿಸಿ.

ಸೆಪ್ಟೆಂಬರ್ 23ಕ್ಕೆ, ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ, ಸ್ಟೇಜ್ ಹತ್ತಿ ಫೋಟೋ ತೆಗೆಸಿಕೊಳ್ಳುವ ಇಂಟರ್‌ಪ್ರಿಟರ್‌ಗಳನ್ನು ನೋಡಿದ್ದೇನೆ. ಉಳಿದ 364 ದಿನ ಪತ್ತೆ ಇಲ್ಲ. ನಾವು ಜೋಕ್ ಹೇಳಿದರೆ ಅವರಿಗೆ ಗೊತ್ತಾಗಲ್ಲ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಇಂಟರ್‌ಪ್ರಿಟರ್ ಮೂಲಕ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದ ಸುದ್ದಿ ಬಂದಾಗ ಹೆಮ್ಮೆ ಆಯ್ತು. ಜೊತೆಗೆ ಒಂದು ಯೋಚನೆಯೂ ಬಂತು. ನಾಳೆ ನನ್ನ ಕೇಸಿಗೆ ನಿಲ್ಲುವವರು ನನ್ನ ಸನ್ನೆಯನ್ನು ಒಂದು ಸಲವೂ ನೋಡಿರದಿದ್ದರೆ?

ಗುಟ್ಟಿನ ಮಾತಿಗೆ ಬರುತ್ತೇನೆ. ನಮಗೆ ಪಿಸುಮಾತು ಸುಲಭ ಅಲ್ಲ. ಹಾಲ್‌ನ ಆ ತುದಿಯಲ್ಲಿ ಆಡಿದ್ದು ಈ ತುದಿಗೆ ಕಾಣುತ್ತದೆ. ಗುಟ್ಟು ಇದ್ದರೆ ಮೇಜಿನ ಕೆಳಗೆ ಚಿಕ್ಕದಾಗಿ ಕೈ ಆಡಿಸುತ್ತೇವೆ, ಇಲ್ಲ ಗೋಡೆ ಕಡೆ ತಿರುಗುತ್ತೇವೆ. ಯಾರ ಕೈ ಸಡಿಲ, ಯಾರ ಕೈ ಬಿಗಿ ಅಂತ ಚಿಕ್ಕಂದಿನಿಂದ ನೋಡಿ ನೋಡಿ ಗೊತ್ತು. ನಿಮ್ಮ ಕೈ ಎಂಥದು ಅಂತ ತಿಳಿಯೋದು ನೀವು ನಮ್ಮ ಜೊತೆ ಕೂತರೆ ತಾನೇ? ಗುರುತೇ ಇಲ್ಲದವರ ಮುಂದೆ ನಾನಂತೂ ಫೈಲ್ ಬಿಚ್ಚಲ್ಲ.

ಇನ್ನೊಂದು. ಅಣ್ಣ ಬರದೇ ಇದ್ದದ್ದು ನಿಮ್ಮಿಂದ ಅಂತ ನೀವೇ ತೀರ್ಮಾನ ಮಾಡಿದ್ರಾ? ಅವರನ್ನು ಕೇಳಿದ್ರಾ?

ಬೆಣ್ಣೆದೋಸೆ:

ಕೇಳಿರಲಿಲ್ಲ. ನಿನ್ನೆ ವಿಡಿಯೋ ಕಾಲ್ ಮಾಡಿದೆ. ಮಗಳ ಮನೆಗೆ ಹೋಗಿದ್ದರಂತೆ, ಅಷ್ಟೇ. ಇಲ್ಲಿ ಬರೆದದ್ದನ್ನೂ ತೋರಿಸಿದೆ. ಪೂರ್ತಿ ಓದಿ "ಇರಲಿ, ಪಾರ್ಕಿನ ಹೆಸರು ತೆಗೆದೆ ತಾನೇ?" ಅಂದರು. ಗುಂಪಿಗೆ ತಾನೇ ಹೇಳುತ್ತಾರಂತೆ, ಹೇಳಬೇಕು ಅನ್ನಿಸಿದಾಗ. "ನೀನು ಸುಮ್ನೆ ಕಡ್ಲೆಕಾಯಿ ತಗೊಂಡು ಬಾ."

ಕೊನೆಗೆ ಕೇಳಿದರು: "ಮುಂದಿನ ಸಲ ಆಸ್ಪತ್ರೆಗೆ ಬೇರೆಯವರನ್ನ ಹುಡುಕ್ತೀನಿ. ಬೇಜಾರಿಲ್ಲ ಅಲ್ವಾ?"

ಇಲ್ಲಪ್ಪ ಅಂದೆ. ಅವರು ನನ್ನ ಮುಖ ನೋಡಿ ನಕ್ಕುಬಿಟ್ಟರು.