60 ದಿನದ ನೋಟಿಸ್ ಬಂದಿದೆ, ಮನೆ ಕೈಬಿಟ್ಟ ಹಾಗೇನಾ?

ಹಳೇಸೈಕಲ್:
ಎಂಟು ತಿಂಗಳ ಹಿಂದೆ ಕೆಲಸ ಹೋಯಿತು. ಗೃಹಸಾಲದ ಕಂತು 28,400 ರೂಪಾಯಿ. ಮೂರು ತಿಂಗಳು ಪಿಎಫ್ ಹಣ ತೆಗೆದು ಕಟ್ಟಿದೆ. ಆಮೇಲೆ ಐದು ಕಂತು ಬಾಕಿ ಬಿತ್ತು. ಕಳೆದ ವಾರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಬಂದಿದೆ. ಸರ್ಫೇಸಿ ಕಾಯ್ದೆ, ಸೆಕ್ಷನ್ 13(2) ಅಂತ ಇದೆ. ಸಾಲ ಕಟ್ಟದಿದ್ದರೆ ಅಡವಿಟ್ಟ ಮನೆಯನ್ನು ಬ್ಯಾಂಕು ವಶಕ್ಕೆ ತಗೊಂಡು ಮಾರಬಹುದಾದ ಕಾಯ್ದೆಯಂತೆ. 60 ದಿನದೊಳಗೆ 29 ಲಕ್ಷ ಚಿಲ್ಲರೆ ಕಟ್ಟಬೇಕಂತೆ. ಬಾಕಿ ಇರುವುದು ಐದು ಕಂತು, ಕೇಳುತ್ತಿರುವುದು ಪೂರ್ತಿ ಸಾಲ!

ಹೊಸ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಸೇರುತ್ತೇನೆ, ಸಂಬಳ ಮೊದಲಿಗಿಂತ ಕಮ್ಮಿ. ತಿಂಗಳಿಗೊಂದು ಕಂತು ಕಟ್ಟುತ್ತಾ ಹೋಗು, ಬ್ಯಾಂಕಿನವರು ಸುಮ್ಮನಾಗುತ್ತಾರೆ ಅಂತ ನಮ್ಮ ಭಾವ ಹೇಳುತ್ತಾರೆ. ಹೌದಾ? ಇಲ್ಲ, ಈಗಲೇ ಮಾರಿಬಿಡುವುದು ವಾಸಿಯಾ? ಮನೆಯಲ್ಲಿ ಇನ್ನೂ ಹೇಳಿಲ್ಲ. ನೋಟಿಸ್ ಹಳೇ ಆಫೀಸ್ ಬ್ಯಾಗಿನಲ್ಲಿದೆ.

ಬೀರುಕೀಲಿ:
ನಮ್ಮದು ಬೀರುವಿನ ಮೇಲಿತ್ತು, ಸೂಟ್‌ಕೇಸಿನ ಅಡಿ. ನಮ್ಮನೆಯವರು ಸಹಿ ಹಾಕಿ ತಗೊಂಡು, ಕವರ್ ಒಡೆಯದೆ ಅಲ್ಲಿಟ್ಟಿದ್ದರು. ನನಗೆ ಗೊತ್ತಾಗಿದ್ದು ಗೇಟಿಗೆ ಸ್ವಾಧೀನದ ನೋಟಿಸ್ ಅಂಟಿಸಿದಾಗ. ಅದು ಎರಡು ಪೇಪರಿನಲ್ಲೂ ಬಂತು. ಸಾಲಕ್ಕೆ ನಾನೂ ಸಹಿ ಹಾಕಿದ್ದೆನಲ್ಲ, ನನ್ನ ಹೆಸರೂ ಇತ್ತು. ಪಕ್ಕದ ಮನೆಯವರು ಆ ಹಾಳೆ ಮಡಿಸಿ ತಂದುಕೊಟ್ಟರು, ಏನೂ ಕೇಳದೆ ಹೋದರು. ಕೇಳಿದ್ದರೇ ಚೆನ್ನಾಗಿತ್ತು ಅನ್ನಿಸಿತು. ನೀವು ಇವತ್ತೇ ಮನೆಯಲ್ಲಿ ಹೇಳಿ.

ಬೆಳಗಾದರೆ ಸಾಮಾನು ಬೀದಿಗೆ ಹಾಕುತ್ತಾರೆ ಅಂತ ಹೆದರಿದ್ದೆವು. ಹಾಗಿಲ್ಲ. ಗೇಟಿಗೆ ಅಂಟಿಸಿದ್ದು ಕಾಗದದ ಮೇಲಿನ ಸ್ವಾಧೀನ. ನಾವಾಗಿ ಬಿಟ್ಟುಕೊಡದಿದ್ದರೆ ಬ್ಯಾಂಕಿನವರು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಹಾಗಂತ ಕೂತರೂ ಆಗಲ್ಲ. ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳಲು ಅವಕಾಶ ಇರುವುದು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ. 2016ರ ತಿದ್ದುಪಡಿಯ ನಂತರ ಹೀಗಾಗಿದೆ. ಹರಾಜಿನ ದಿನದವರೆಗೂ ಟೈಮಿದೆ ಅನ್ನುವವರು ಈಗಲೂ ಸಿಗುತ್ತಾರೆ. ನಮಗೂ ಒಬ್ಬರು ಸಿಕ್ಕಿದ್ದರು.

ಅಂಗಡಿ ಮುಚ್ಚಿಹೋಗಿತ್ತು. ಹಣ ಬರುವ ದಾರಿಯೇ ಇರಲಿಲ್ಲ, ಹಾಗಾಗಿ ನಾವೇ ಮಾರಿದೆವು. 13(2) ನೋಟಿಸ್ ಬಂದಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆ ಮಾರುವಂತಿಲ್ಲ. ಕದ್ದು ಅಡ್ವಾನ್ಸ್ ತಗೊಂಡು ಸಿಕ್ಕಿಹಾಕಿಕೊಳ್ಳಬೇಡಿ. ನಾನು ಒಪ್ಪಿಗೆ ಕೇಳಿ ಪತ್ರ ಬರೆದು, ಸೀಲ್ ಹಾಕಿಸಿಕೊಂಡ ಪ್ರತಿ ಇಟ್ಟುಕೊಂಡೆ. ಆಮೇಲೆ ಎಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ ಅಂತ ಕೇಳಿದೆ. "ಫೋರ್‌ಕ್ಲೋಷರ್ ಲೆಟರ್ ಕೊಡುತ್ತೇವೆ ಮೇಡಂ" ಅಂದ ಕೌಂಟರಿನ ಹುಡುಗ. ನಾನು ಅಲ್ಲೇ ಅತ್ತುಬಿಟ್ಟೆ! ಅಮೆರಿಕದ ಸುದ್ದಿಯಲ್ಲಿ ಆ ಪದ ಬಂದರೆ ಮನೆ ಹೋಯಿತು ಅಂತ ಅರ್ಥ, ಅಲ್ವಾ. ನಮ್ಮ ಬ್ಯಾಂಕುಗಳಲ್ಲಿ ಅದು ಸಾಲ ಪೂರ್ತಿ ತೀರಿಸಿ ಮುಚ್ಚುವುದಂತೆ. ಪಾಪ, ಗಾಬರಿಯಾಗಿ ನೀರು ತಂದುಕೊಟ್ಟ.

ಕೊಳ್ಳುವವರ ಬ್ಯಾಂಕು ಅಷ್ಟು ಹಣ ನೇರವಾಗಿ ನಮ್ಮ ಬ್ಯಾಂಕಿಗೆ ಕಟ್ಟಿ ಮನೆ ಪತ್ರ ತಗೊಂಡಿತು. ಉಳಿದ 6 ಲಕ್ಷ ನಮ್ಮ ಕೈಗೆ ಬಂತು. ಹರಾಜಾದರೂ ಸಾಲ, ಖರ್ಚು ಕಳೆದು ಮಿಕ್ಕಿದ್ದು ನಮಗೇ ಸೇರಬೇಕು. ಆದರೆ ಹರಾಜಿನಲ್ಲಿ ಒಳ್ಳೇ ಬೆಲೆ ಎಲ್ಲಿ ಬರುತ್ತದೆ ಹೇಳಿ? ನಿಮಗೆ ಕೆಲಸ ಸಿಕ್ಕಿದೆ. ಮಾರುವ ಯೋಚನೆ ಈಗಲೇ ಯಾಕೆ?

ಗುಂಡುಸೂಜಿ:
ಸುಮ್ನೆ ಸಿವಿಲ್ ಕೋರ್ಟಿನಲ್ಲಿ ಸ್ಟೇ ತನ್ನಿ ಗುರೂ. ಐದು ವರ್ಷ ಎಳೆಯುತ್ತದೆ.

ಲೆಡ್ಜರ್:
ಗುಂಡುಸೂಜಿಯವರೇ, ಈ ಕಾಯ್ದೆಯ ಸೆಕ್ಷನ್ 34 ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದೆ. ಸ್ವಾಧೀನದ ಕ್ರಮ ತಪ್ಪು ಅನ್ನಿಸಿದರೆ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬೇಕು.

ಹಳೇಸೈಕಲ್ ಅವರೇ, ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವನು. ಇಂಥ ನೋಟಿಸಿಗೆ ನಾನೇ ಸಹಿ ಹಾಕಿದ್ದೇನೆ. ನಿಮ್ಮ ಭಾವನ ಲೆಕ್ಕ ಕೈಕೊಡುತ್ತದೆ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆಮೇಲೆ ಒಂದೊಂದೇ ಕಂತು ಕಟ್ಟಿದರೆ ಅದು ಹಳೇ ಬಾಕಿಗೆ ಜಮಾ ಆಗುತ್ತದೆ, ಎನ್‌ಪಿಎ ಹಾಗೇ ಇರುತ್ತದೆ. ಬಿದ್ದ ಬಾಕಿ ಅಸಲು ಬಡ್ಡಿ ಸಮೇತ ಪೂರ್ತಿ ತೀರಿದರೆ ಮಾತ್ರ ಖಾತೆ ಮೇಲೇಳುತ್ತದೆ. ರಿಸರ್ವ್ ಬ್ಯಾಂಕು ನವೆಂಬರ್ 2021ರಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಹಾಗಾಗಿ ನಿಮ್ಮ ಕಣ್ಣು 29 ಲಕ್ಷದ ಮೇಲೆ ಬೇಡ. ಐದು ಕಂತು ಅಂದರೆ 1,42,000, ಮೇಲೆ ದಂಡ ಶುಲ್ಕ, ನೋಟಿಸ್ ಖರ್ಚು. ಇಷ್ಟನ್ನು ಒಟ್ಟಿಗೆ ಹೊಂದಿಸಿ. ಹೊಂದಿಸಿದವರ ಮೇಲೆ ಹರಾಜಿಗೆ ಹೋಗುವ ಉತ್ಸಾಹ ಬ್ಯಾಂಕಿಗೂ ಸಾಮಾನ್ಯವಾಗಿ ಇರಲ್ಲ. ಕಟ್ಟುವ ಮೊದಲು, ಇಷ್ಟು ಕಟ್ಟಿದರೆ ನೋಟಿಸ್ ಮುಂದುವರಿಸುವುದಿಲ್ಲ ಅಂತ ಬರಹದಲ್ಲಿ ತಗೊಳ್ಳಿ. ಬಾಯಿಮಾತು ನಂಬಿದರೆ, ಮ್ಯಾನೇಜರಿಗೆ ವರ್ಗವಾದ ದಿನ ನಿಮ್ಮ ಕಥೆ ಮುಗಿಯಿತು. ಹೊಸ ಕೆಲಸದ ಆಫರ್ ಲೆಟರ್ ತೋರಿಸಿ, ಅವಧಿ ಹೆಚ್ಚಿಸಿ ಕಂತು ಇಳಿಸಲು ಆಗುತ್ತದಾ ಅಂತಲೂ ಕೇಳಿ. ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ ನಿಜ. ಈಗ ಅದನ್ನು ನೋಡುವ ಕಾಲವಲ್ಲ.

ನೋಟಿಸಿನ ಲೆಕ್ಕ ಸಾಲು ಸಾಲಾಗಿ ನೋಡಿ. ದಂಡ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ತಪ್ಪು ಕಂಡರೆ ಈಗಲೇ ಆಕ್ಷೇಪಣೆ ಬರೆದುಕೊಡಿ. ಒಪ್ಪದಿದ್ದರೆ 15 ದಿನದಲ್ಲಿ ಕಾರಣ ಕೊಟ್ಟು ಉತ್ತರಿಸಬೇಕು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಿದರೆ ಸಮಯ ಬರೆದಿಡಿ, ದೂರಿಗೆ ಬೇಕಾಗುತ್ತದೆ.

ಹಳೇಸೈಕಲ್:
ರಾತ್ರಿ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. "ಕವರ್ ಕೊಡಿ" ಅಂದಳು, ಅಷ್ಟೇ. ಪಾಸ್‌ಬುಕ್ಕು, ಪೆನ್ನು ಇಟ್ಟುಕೊಂಡು ಹನ್ನೆರಡರವರೆಗೂ ಕೂತಿದ್ದಳು. ನಾನು ಕಟ್ಟಿದ ಮೂರನೇ ಕಂತು ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ! ಲೆಡ್ಜರ್ ಸರ್, ಆಕ್ಷೇಪಣೆಯ ಜೊತೆ ಪಾಸ್‌ಬುಕ್ಕಿನ ಜೆರಾಕ್ಸ್ ಸಾಕಾ, ಸ್ಟೇಟ್‌ಮೆಂಟ್‌ಗೆ ಬ್ಯಾಂಕಿನ ಸೀಲ್ ಹಾಕಿಸಬೇಕಾ?

ಲೆಡ್ಜರ್:
ಸೀಲ್ ಹಾಕಿಸಿ. ಎರಡು ಪ್ರತಿ.