ಎಂಟು ವರ್ಷ ಕೋಡ್ ಬರ್ದಾಯ್ತು, ಈಗ ಬಯಾಲಜಿ ಕಡೆ ಹೋಗ್ಬೋದಾ?

ಕೋಡ್_ಸಾಕಾಯ್ತು:
ಎಂಟು ವರ್ಷದಿಂದ ಜಾವಾ ಬ್ಯಾಕೆಂಡ್, ಈಗೀಗ ಟಿಕೆಟ್ ನೋಡಿದ್ರೇ ತಲೆ ಚಿಟ್ಟು ಹಿಡಿಯುತ್ತೆ. ಹೋದ್ ವರ್ಷ ಸುಮ್ನೆ ಜೆನೆಟಿಕ್ಸ್ ಓದೋಕೆ ಶುರು ಮಾಡಿದ್ದು, ಈಗ ರಾತ್ರಿ ಒಂದು ಗಂಟೆ ತನಕ ಅದೇ ಆಗಿದೆ. ಮತ್ತೆ ಡಿಗ್ರಿ ಮಾಡ್ಲೇಬೇಕಾ, ಇಲ್ಲ ಇರೋ ಕೋಡಿಂಗ್ ಇಟ್ಕೊಂಡೇ ಒಳಗೆ ನುಗ್ಬೋದಾ? ಸಂಬಳ ಕಮ್ಮಿ ಆಗುತ್ತೆ ಅಂತ ಗೊತ್ತು, ಅದೊಂದು ಬಿಟ್ಟು ಹೇಳಿ.

ಒಣಲ್ಯಾಬ್:
ನಾನೂ ಅದೇ ದಾರಿಲಿ ಬಂದೋನು. ಲಿನಕ್ಸ್, ಗಿಟ್ ಬರುತ್ತಲ್ವಾ, ಪೈಥಾನ್, ಆರ್ ಭಾಷೆ, ಕೆಲಸದ ಹಂತಗಳನ್ನ ಸಾಲಾಗಿ ಓಡ್ಸೋ ಸ್ನೇಕ್‌ಮೇಕ್ ಎಲ್ಲ ನಿಮಗೆ ತಿಂಗಳುಗಳ ಮಾತು ಅಷ್ಟೇ. ನಾನು ಮುಗ್ಗರಿಸಿದ್ದು ಬೇರೆ ಕಡೆ. ಡಿಎನ್‌ಎ ಅಕ್ಷರಗಳ ಜಾಗ ಬರ್ದಿಡೋ ಎರಡು ಥರದ ಫೈಲಲ್ಲಿ ಬೆಡ್ ಸೊನ್ನೆಯಿಂದ ಎಣಿಸುತ್ತೆ, ವಿಸಿಎಫ್ ಒಂದರಿಂದ, ಎರಡನ್ನೂ ಹಾಗೇ ಸೇರಿಸಿ ಒಂದು ವಾರದ ರಿಸಲ್ಟೆಲ್ಲ ಒಂದಕ್ಷರ ಪಕ್ಕಕ್ಕೆ ಜರುಗಿತ್ತು, ಎರರ್ರೂ ಬರಲ್ಲ ನೋಡಿ. ಅದಾದ್ರೂ ನಮಗೆ ಗೊತ್ತಿರೋ ಥರದ ಕೋಡ್ ತಪ್ಪೇ ಬಿಡಿ. ಮನುಷ್ಯರಲ್ಲಿ ಪ್ರೋಟೀನ್ ಮಾಡೋ ಜೀನು ಸುಮಾರು 20,000, ಒಂದೊಂದನ್ನೂ ಟೆಸ್ಟ್ ಮಾಡಿ ಪಿ ವ್ಯಾಲ್ಯೂ (ನಿಜವಾಗಿ ಏನೂ ಇಲ್ದಿದ್ರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣೋ ಸಾಧ್ಯತೆ) 0.05ಕ್ಕಿಂತ ಕಮ್ಮಿ ಇರೋದನ್ನೆಲ್ಲ ಎತ್ಕೊಂಡ್ರೆ, ಅಲ್ಲಿ ಏನೂ ಇಲ್ದಿದ್ರೂ ಸಾವಿರದ ಹತ್ರ ಜೀನು ಸಿಕ್ಬಿಡುತ್ತೆ. ಆ ಲಿಸ್ಟ್ ಹಿಡ್ಕೊಂಡು ಖುಷಿಯಾಗಿ ಮೀಟಿಂಗಿಗೆ ಹೋಗಿದ್ದೆ ನಾನು 😅 ಸ್ಟ್ಯಾಟಿಸ್ಟಿಕ್ಸ್ ಮೊದಲು ಓದಿ.

ಪಿಪೆಟ್_ಕೈ:
ನಾನು ಆಚೆ ಕಡೆಯವಳು, ಬೆಂಚ್ ಕೆಲಸ, ಅಂದ್ರೆ ಲ್ಯಾಬಲ್ಲಿ ಕೈಯಾರೆ ಪ್ರಯೋಗ ಮಾಡೋದು. ಡೆವಲಪರ್ಸ್ ಜೊತೆ ನನ್ನ ಜಗಳ ಒಂದೇ, ಡೇಟಾ ಬಂದ್ಮೇಲೆ ಮಾತಾಡ್ಸೋಕೆ ಬರ್ತಾರೆ. ಹೋಲಿಸೋಕೆ ಇಟ್ಟ, ಔಷಧಿ ಹಾಕದ ಕಂಟ್ರೋಲ್ ಸ್ಯಾಂಪಲೆಲ್ಲ ಸೋಮವಾರ, ಔಷಧಿ ಹಾಕಿದ್ದೆಲ್ಲ ಗುರುವಾರ ಬೇರೆ ಕಿಟ್ಟಲ್ಲಿ ಮಾಡಿದ್ರೆ, ಕಾಣೋ ವ್ಯತ್ಯಾಸ ಔಷಧೀದೋ ಗುರುವಾರದ್ದೋ ಯಾವ ಕೋಡೂ ಹೇಳಲ್ಲ. ಬಿಲ್ಡ್ ಥರ ಇನ್ನೊಂದ್ಸಲ ಓಡ್ಸೋಣ ಅನ್ನಕ್ಕೂ ಆಗಲ್ಲ, ಲ್ಯಾಬಲ್ಲಿ ಬೆಳೆಸೋ ಮನುಷ್ಯರ ಸೆಲ್ ಒಂದು ಎರಡಾಗೋಕೇ ಸುಮಾರು ಒಂದು ದಿನ ಹಿಡಿಯುತ್ತೆ, ಮಧ್ಯ ಫಂಗಸ್ ಬಂತೋ, ಎಲ್ಲ ಎಸೆದು ಮೊದಲಿಂದ. ಡಿಗ್ರಿ ವಿಷಯಕ್ಕೆ ಬಂದ್ರೆ, ಪೈಪ್‌ಲೈನ್ (ಡೇಟಾನ ಹಂತಹಂತವಾಗಿ ಸಂಸ್ಕರಿಸೋ ಕೋಡ್) ಕಟ್ಟೋ ಕೆಲಸಕ್ಕೆ ಬೇಕೇಬೇಕು ಅಂತೇನಿಲ್ಲ, ಆದ್ರೆ ಯಾವ ಪ್ರಶ್ನೆ ಹಿಂದೆ ಹೋಗ್ಬೇಕು ಅಂತ ನೀವೇ ತೀರ್ಮಾನಿಸ್ಬೇಕಂದ್ರೆ ಪಿಎಚ್‌ಡಿ ಇಲ್ದೆ ಕಷ್ಟ.

ಎಕ್ಸೆಲ್_ಪೀಡಿತ:
ಮಾರ್ಚ್1 ಅನ್ನೋ ಜೀನನ್ನ ಎಕ್ಸೆಲ್ ತಾರೀಖು ಮಾಡ್ಬಿಡ್ತಿತ್ತು, 2020ರ ಹೊತ್ತಿಗೆ ಸೋತು ಜೀನಿನ ಹೆಸರನ್ನೇ ಮಾರ್ಚ್‌ಎಫ್1 ಅಂತ ಬದಲಾಯಿಸಿದ್ರು. ಇಂಥ ಲೋಕಕ್ಕೆ ಸ್ವಾಗತ.

ಕೋಡ್_ಸಾಕಾಯ್ತು:
ಹಹ್ಹ. ಹಾಗಾದ್ರೆ ರಾಜೀನಾಮೆ ಸದ್ಯ ಡ್ರಾಫ್ಟಲ್ಲೇ ಇರ್ಲಿ. ಈ ವಾರಾಂತ್ಯ ಎಲ್ಲಿಂದ ಶುರು ಮಾಡ್ಲಿ?

ಒಣಲ್ಯಾಬ್:
ಕಚ್ಚಾ ಡೇಟಾ ಓಪನ್ ಆಗಿಟ್ಟಿರೋ ಒಂದು ಪೇಪರ್ ಹಿಡೀರಿ, ಅದ್ರಲ್ಲಿರೋ ಒಂದೇ ಒಂದು ಗ್ರಾಫ್ ನೀವೇ ತೆಗೀರಿ. ಯೀಸ್ಟ್ ತಗೊಳ್ಳಿ, ಜೀನೋಮ್ (ಪೂರ್ತಿ ಡಿಎನ್‌ಎ) 1.2 ಕೋಟಿ ಅಕ್ಷರ ಅಷ್ಟೇ, ಮನುಷ್ಯರದ್ದು 300 ಕೋಟಿ, ಲ್ಯಾಪ್‌ಟಾಪ್ ಪಾಪ.