'ನಂಬದ' ಕೋಡೋ, 'ನಂಬಲಾಗದ' ಕೋಡೋ? ಸ್ಯಾಂಡ್‌ಬಾಕ್ಸ್ ಸುತ್ತಲಿನ ಕೆಲವು ಪದಗಳು

ಗೆಳೆಯರೇ, ನಮಸ್ಕಾರ.

ಬೇರೆ ಯಾರೋ ಬರೆದ ವೆಬ್‌ಅಸೆಂಬ್ಲಿ ಮಾಡ್ಯೂಲನ್ನು ನಮ್ಮ ಪ್ರೋಗ್ರಾಮಿನ ಒಳಗೆ ಅಪಾಯವಿಲ್ಲದೆ ಓಡಿಸುವುದು ಹೇಗೆ ಎಂದು ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. (ವೆಬ್‌ಅಸೆಂಬ್ಲಿ ಅಂದರೆ ಬೇರೆ ಬೇರೆ ಭಾಷೆಯ ಕೋಡನ್ನು ಕಂಪೈಲ್ ಮಾಡಿ ಬ್ರೌಸರಿನಲ್ಲೋ ಇನ್ನೊಂದು ಪ್ರೋಗ್ರಾಮಿನಲ್ಲೋ ಓಡಿಸಬಹುದಾದ ಒಂದು ರೂಪ.) ಪ್ರೋಗ್ರಾಮಿಂಗ್ ಗೊತ್ತಿದ್ದು, ಭದ್ರತೆಯ ಮಾತು ಹೊಸದಾಗಿರುವ ಓದುಗರಿಗಾಗಿ. ವಿಷಯ ಬರೆಯುವುದು ಕಷ್ಟವಾಗಿಲ್ಲ. ಪದಗಳದ್ದೇ ತಕರಾರು. ಅದರಲ್ಲೂ 'ಅನ್‌ಟ್ರಸ್ಟೆಡ್' ಜಾಸ್ತಿ ಕಾಡುತ್ತಿದೆ.

ಇದಕ್ಕೆ ಸಾಮಾನ್ಯವಾಗಿ ಹಾಕುವುದು 'ವಿಶ್ವಾಸಾರ್ಹವಲ್ಲದ' ಅಥವಾ 'ನಂಬಲಾಗದ'. ಎರಡೂ ತೀರ್ಪು ಕೊಟ್ಟುಬಿಡುತ್ತವೆ. 'ನಂಬಲಾಗದ ಕೋಡ್' ಎಂದರೆ ಅದರಲ್ಲಿ ಏನೋ ಐಬು ಇದೆ, ಅದು ನಮಗೆ ಗೊತ್ತಾಗಿದೆ ಎಂದು ಕೇಳಿಸುತ್ತದೆ. ಅನ್‌ಟ್ರಸ್ಟೆಡ್ ಅನ್ನುವಾಗ ಕೋಡ್ ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತೇ ಇಲ್ಲ. ಅದು ಒಳ್ಳೆಯದಾಗಿರುತ್ತದೆ ಎಂದು ನೆಚ್ಚಿಕೊಂಡು ನಾವು ಏನನ್ನೂ ಕಟ್ಟುತ್ತಿಲ್ಲ, ಅಷ್ಟೇ.

ಫೈರ್‌ಫಾಕ್ಸ್ ನೋಡಿ. 2021ರ ಡಿಸೆಂಬರಿನಲ್ಲಿ ಬಂದ 95ನೇ ಆವೃತ್ತಿಯಲ್ಲಿ ಕೆಲವು ಲೈಬ್ರರಿಗಳನ್ನು ಸ್ಯಾಂಡ್‌ಬಾಕ್ಸಿಗೆ, ಅಂದರೆ ಕೋಡು ಹೊರಗೆ ಕೈಹಾಕಲಾಗದ ಆವರಣಕ್ಕೆ, ಹಾಕಿದರು. ಕಾಗುಣಿತ ನೋಡುವ ಹನ್‌ಸ್ಪೆಲ್, ಫಾಂಟಿನ ಕೆಲಸ ಮಾಡುವ ಗ್ರಾಫೈಟ್ ಇತ್ಯಾದಿ. ಮಾಡಿದ ರೀತಿ ತಮಾಷೆಯಾಗಿದೆ. ಲೈಬ್ರರಿಯನ್ನು ಮೊದಲು ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡುವುದು, ಅದನ್ನು ತಿರುಗಿ ಸಿ ಭಾಷೆಗೆ ತರುವುದು, ಆಮೇಲೆ ಉಳಿದ ಬ್ರೌಸರ್ ಜೊತೆಗೇ ಮಾಮೂಲಿಯಾಗಿ ಕಂಪೈಲ್ ಮಾಡುವುದು. ಇಷ್ಟು ಸುತ್ತಿ ಬಂದ ಕೋಡು ತನ್ನ ಪಾಲಿನ ಮೆಮೊರಿ ಬಿಟ್ಟು ಆಚೆ ಕೈಹಾಕಲಾರದು. ಇವೆಲ್ಲ ವರ್ಷಗಟ್ಟಲೆ ಬಳಕೆಯಲ್ಲಿದ್ದ ಲೈಬ್ರರಿಗಳು. ಕೆಟ್ಟ ಉದ್ದೇಶದಿಂದ ಬರೆದವಲ್ಲ. ಆದರೂ ಅವುಗಳಲ್ಲಿ ಎಲ್ಲೋ ಒಂದು ದೋಷ ಉಳಿದಿದ್ದು, ಕಿಡಿಗೇಡಿಯೊಬ್ಬ ಫಾಂಟ್ ಕಡತದ ಮೂಲಕ ಅದನ್ನು ಕೆದಕಿದರೆ ಇಡೀ ಬ್ರೌಸರ್ ಅವನ ಕೈಗೆ ಹೋಗಬಾರದು ಅಲ್ವಾ? ಹನ್‌ಸ್ಪೆಲನ್ನು 'ನಂಬಲಾಗದ ಲೈಬ್ರರಿ' ಎಂದು ಬರೆದರೆ ಅದನ್ನು ಬರೆದವರಿಗೆ ಸುಮ್ನೆ ಅನ್ಯಾಯ. ಇದೇ ಕಾರಣಕ್ಕೆ 'ಅಪರಿಚಿತ' ಕೂಡ ಬೇಡ. ಪರಿಚಯ ಬೇಕಾದಷ್ಟಿದೆ.

ಹಾಗಾಗಿ 'ನಂಬದ' ಸಾಕು ಅನಿಸುತ್ತದೆ. ಇಲ್ಲಿ ಕನ್ನಡದ ವ್ಯಾಕರಣ ಒಂದು ಕೊಕ್ಕೆ ಇಡುತ್ತದೆ. 'ಮಾತಾಡದ ಹುಡುಗ' ಅಂದರೆ ಮಾತಾಡದವನು ಹುಡುಗನೇ. 'ಓದದ ಪುಸ್ತಕ' ಅಂದರೆ ಓದದವರು ಬೇರೆ ಯಾರೋ. 'ನಂಬದ' ಎರಡೂ ಕಡೆಗೆ ವಾಲುತ್ತದೆ. 'ನಂಬದ ಮಾಡ್ಯೂಲ್' ಅಂದಾಗ ತೊಂದರೆ ಇಲ್ಲ, ಮಾಡ್ಯೂಲ್ ಯಾರನ್ನು ತಾನೇ ನಂಬೀತು! 'ನಂಬದ ಬಳಕೆದಾರ' ಅಂದಾಗ ಮಾತ್ರ ಗೊಂದಲ. ಅಂಥ ಕಡೆ 'ನಾವು ನಂಬದ' ಅಂದರೆ ಬಗೆಹರಿಯುತ್ತದೆ. ಉದ್ದವಾಯಿತು ಎನ್ನುವವರಿಗೆ ನನ್ನ ಉತ್ತರ: ಯಾರು ನಂಬುತ್ತಿಲ್ಲ ಎಂದು ಹೇಳುವುದು ಭದ್ರತೆಯ ಬರಹದಲ್ಲಿ ಒಳ್ಳೆಯದೇ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪದ 'ಟೇಂಟೆಡ್'. ಫೈರ್‌ಫಾಕ್ಸ್ ಇದಕ್ಕೆ ಬಳಸುವ ಆರ್‌ಎಲ್‌ಬಾಕ್ಸ್ ಎಂಬ ಸಾಧನದಲ್ಲಿ, ಸ್ಯಾಂಡ್‌ಬಾಕ್ಸಿನಿಂದ ಹೊರಗೆ ಬರುವ ಪ್ರತಿ ಮೌಲ್ಯಕ್ಕೂ ಈ ಗುರುತು ಬೀಳುತ್ತದೆ. ತಪಾಸಣೆ ಮಾಡದೆ ಹಾಗೇ ಬಳಸಲು ಹೋದರೆ ಕೋಡ್ ಕಂಪೈಲೇ ಆಗುವುದಿಲ್ಲ. 'ಮೈಲಿಗೆ' ಎಂಬ ಪದ ಅರ್ಥಕ್ಕೆ ಸರಿಯಾಗಿ ಕೂರುತ್ತದೆ: ತಗುಲಿದ್ದಕ್ಕೆಲ್ಲ ಹರಡುತ್ತದೆ, ಕಳೆಯುವ ತನಕ ಮುಟ್ಟುವಂತಿಲ್ಲ. ಆದರೆ ಆ ಪದ ಮನುಷ್ಯರನ್ನು ಏನು ಮಾಡಿದೆ ಎಂದು ನಮಗೆಲ್ಲ ಗೊತ್ತು. ನಾನು ಬಳಸುವುದಿಲ್ಲ. 'ಕಳಂಕಿತ' ಮತ್ತೆ ತೀರ್ಪಿನ ಪದ. 'ತಪಾಸಣೆ ಆಗದ' ಎಂದು ಬರೆದುಕೊಂಡಿದ್ದೇನೆ. 'ಸೋಸದ' ಇನ್ನೂ ಚಿಕ್ಕದು, ಆದರೆ ಕಸ ಇದ್ದೇ ಇದೆ ಎಂಬ ಧ್ವನಿ ಬರುತ್ತದೆಯೇನೋ.

ಇನ್ನು 'ಸ್ಯಾಂಡ್‌ಬಾಕ್ಸ್'. ಇದು ಎರಡು ಕಡೆ ಎರಡು ಅರ್ಥದಲ್ಲಿ ಓಡಾಡುತ್ತಿದೆ. ಒಂದು, ಹೆದರದೆ ಆಡಿ ನೋಡುವ ಜಾಗ. ಕನ್ನಡ ವಿಕಿಪೀಡಿಯದಲ್ಲಿ ಇದಕ್ಕೆ 'ಪ್ರಯೋಗಪುಟ' ಎಂಬ ಚೆಂದದ ಪದವಿದೆ. ಇನ್ನೊಂದು ಭದ್ರತೆಯ ಅರ್ಥ: ಹೊರಗೆ ಬಿಡದ ಜಾಗ. 1993ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ನಾವು ನಂಬದ ಕೋಡನ್ನು ಸಾಫ್ಟ್‌ವೇರಿನಿಂದಲೇ ಕಟ್ಟಿಹಾಕುವ ವಿಧಾನ ವಿವರಿಸಿದಾಗ ಈ ಪದ ಬಳಸಿದ್ದರು. ಪ್ರತಿ ವಿಳಾಸದ ಮೇಲ್ಭಾಗದ ಬಿಟ್‌ಗಳನ್ನು ಬಲವಂತವಾಗಿ ತಿದ್ದಿ, ಬರೆದದ್ದೆಲ್ಲ ಆ ಕೋಡಿನ ಪಾಲಿನ ಜಾಗದಲ್ಲೇ ಬೀಳುವಂತೆ ಮಾಡುವ ಉಪಾಯ ಅದು. ಅಲ್ಲಿ ಆಟದ ಸುಳಿವೇ ಇಲ್ಲ. 'ಮರಳುಪೆಟ್ಟಿಗೆ' ಎಂದು ಬರೆದರೆ ಆಟದ ಅರ್ಥವೂ ಬರುವುದಿಲ್ಲ, ಕಾವಲಿನ ಅರ್ಥವೂ ಬರುವುದಿಲ್ಲ.

'ಎಲ್ಲೆ' ಎನ್ನೋಣ ಅನಿಸಿತ್ತು. 'ಎಲ್ಲೆ ಮೀರು' ನಮ್ಮಲ್ಲಿ ರೆಡಿ ಇದೆ. ತೊಡಕು ಏನೆಂದರೆ ವೆಬ್‌ಅಸೆಂಬ್ಲಿಯಲ್ಲಿ ಮೀರುವುದು ಎರಡು ಬಗೆ. ಮಾಡ್ಯೂಲಿಗೆ ಸಿಗುವುದು ಒಂದು ಉದ್ದನೆಯ ಮೆಮೊರಿ ಪಟ್ಟಿ, 64 ಕಿಲೋಬೈಟಿನ ಪುಟಗಳ ಲೆಕ್ಕದಲ್ಲಿ. 32 ಬಿಟ್ ವಿಳಾಸವಾದರೆ ಹೆಚ್ಚೆಂದರೆ 4 ಗಿಗಾಬೈಟ್. ಅದರ ತುದಿ ದಾಟಿ ಓದಲು ಹೊರಟರೆ ಮಾಡ್ಯೂಲ್ ಅಲ್ಲೇ ನಿಲ್ಲುತ್ತದೆ. ಇದು ದಿನನಿತ್ಯದ ಘಟನೆ, ಕಾವಲು ಸರಿಯಾಗಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಸ್ಯಾಂಡ್‌ಬಾಕ್ಸನ್ನೇ ಭೇದಿಸಿ ಹೊರಬರುವುದು ಬೇರೆ ಮಾತು, ದೊಡ್ಡ ಅನಾಹುತ. ಎರಡಕ್ಕೂ 'ಎಲ್ಲೆ ಮೀರಿತು' ಎಂದು ಬರೆದರೆ ಓದುಗ ಸುಮ್ನೆ ಗಾಬರಿಯಾಗುತ್ತಾನೆ, ಇಲ್ಲವೇ ಗಾಬರಿಯಾಗಬೇಕಾದ ಕಡೆ ಆಗುವುದಿಲ್ಲ. ಹಾಗಾಗಿ 'ಎಲ್ಲೆ'ಯನ್ನು ಮೆಮೊರಿಯ ತುದಿಗೆ ಮೀಸಲಿಟ್ಟೆ. ಸ್ಯಾಂಡ್‌ಬಾಕ್ಸನ್ನು ಹಾಗೇ ಉಳಿಸಿಕೊಂಡು, ಹೊರಬರುವುದಕ್ಕೆ 'ಬೇಲಿ ಮುರಿ' ಎಂದಿದ್ದೇನೆ. 'ಬೇಲಿ ಹಾರು' ಬೇಡ, ಅದು ಯಾವ ಅರ್ಥಕ್ಕೆ ಹೋಗುತ್ತದೆ ಎಂದು ನಿಮಗೇ ಗೊತ್ತು.

ಬೇಲಿ ಎಂದದ್ದರಿಂದ ಇನ್ನೊಂದು ಲಾಭವೂ ಆಯಿತು. 2023ರಲ್ಲಿ ವಾಸ್ಮ್‌ಟೈಮ್ ಎಂಬ, ವೆಬ್‌ಅಸೆಂಬ್ಲಿ ಓಡಿಸುವ ರನ್‌ಟೈಮಿನ ಕಂಪೈಲರಿನಲ್ಲಿ ಒಂದು ದೋಷ ಸಿಕ್ಕಿತು. ನಿಯಮದ ಪ್ರಕಾರ ವಿಳಾಸ ಮತ್ತು ಅದಕ್ಕೆ ಕೂಡಿಸುವ ಆಫ್‌ಸೆಟ್ ಸೇರಿ 33 ಬಿಟ್ ದಾಟಬಾರದು. ಇಂಟೆಲ್ ಮಾದರಿಯ 64 ಬಿಟ್ ಪ್ರೊಸೆಸರ್‌ಗಳಲ್ಲಿ ಕಂಪೈಲರ್ ಅದನ್ನು 35 ಬಿಟ್‌ವರೆಗೆ ಬೆಳೆಯಲು ಬಿಡುತ್ತಿತ್ತು. ಅಂದರೆ ಮಾಡ್ಯೂಲಿನ ಕೈ ಅದರ ಮೆಮೊರಿಯ ಆಚೆ ಖಾಲಿ ಬಿಟ್ಟ ಕಾವಲು ಜಾಗವನ್ನೂ ದಾಟಿ ಬೇರೆಯವರ ಮೆಮೊರಿಗೆ ಚಾಚಬಹುದಿತ್ತು. ಕಾಯಬೇಕಾದ ಕಂಪೈಲರೇ ದಾರಿ ಬಿಟ್ಟಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಬೇಗ ಸರಿಪಡಿಸಿದರು ಅನ್ನಿ.

ಒಳಗಡೆಯ ಮಾತೂ ಇದೆ. ಮಾಡ್ಯೂಲ್ ತನ್ನದೇ ಮೆಮೊರಿಯಲ್ಲಿ ಒಂದು ಬಫರ್ ತುಂಬಿ ತುಳುಕಿ ಪಕ್ಕದ ದತ್ತಾಂಶವನ್ನು ಹಾಳು ಮಾಡಿಕೊಂಡರೆ ಯಾರೂ ತಡೆಯುವುದಿಲ್ಲ. ಅದು ಎಲ್ಲೆ ಮೀರಿದ್ದೂ ಅಲ್ಲ, ಬೇಲಿ ಮುರಿದದ್ದೂ ಅಲ್ಲ. ಇದಕ್ಕೆ 'ತುಳುಕು' ಸಾಕೇ?

'ಟ್ರ್ಯಾಪ್' ಸಂಗತಿ ಕೇಳಿ. ಸೊನ್ನೆಯಿಂದ ಭಾಗಿಸಿದರೆ, ಎಲ್ಲೆ ಮೀರಿದರೆ, ಫಂಕ್ಷನ್‌ಗಳ ಪಟ್ಟಿಯ ಮೂಲಕ ಕರೆದ ಫಂಕ್ಷನ್ನಿನ ಮಾದರಿ (ಟೈಪ್) ಹೊಂದದಿದ್ದರೆ ಮಾಡ್ಯೂಲ್ ಟ್ರ್ಯಾಪ್ ಆಗುತ್ತದೆ. ಓಟ ಅಲ್ಲಿಗೇ ಮುಗಿಯಿತು. ಮಾಡ್ಯೂಲ್ ಅದನ್ನು ತಾನೇ ಹಿಡಿದು ಮುಂದುವರಿಯುವಂತಿಲ್ಲ, ಸುದ್ದಿ ಹೊರಗಿನ ಪ್ರೋಗ್ರಾಮಿಗೆ ಹೋಗುತ್ತದೆ. 'ಬಲೆ', 'ಬೋನು' ಎಂದರೆ ಕೆಟ್ಟ ಮಾಡ್ಯೂಲ್ ನಮಗೇ ಬಲೆ ಬೀಸಿದೆ ಎಂದು ಓದುಗ ತಿಳಿಯುತ್ತಾನೆ. ಸಾಲು ಪೂರ್ತಿ ಉಲ್ಟಾ ಆಗುತ್ತದೆ. 'ದಿಢೀರ್ ನಿಲುಗಡೆ' ಎಂದು ತಾತ್ಕಾಲಿಕವಾಗಿ ಹಾಕಿದ್ದೇನೆ, ಕ್ರಿಯಾಪದ ಮಾಡಲು ಹೋದರೆ ಎಡವುತ್ತದೆ.

ಕೊನೆಯದು 'ಕೇಪಬಿಲಿಟಿ', ಅಂದರೆ ಒಂದು ಕೆಲಸ ಮಾಡಲು ಕೈಗೆ ಕೊಟ್ಟ ಹಕ್ಕು. ವೆಬ್‌ಅಸೆಂಬ್ಲಿ ಮಾಡ್ಯೂಲಿಗೆ ಹುಟ್ಟಿನಿಂದ ಬರುವುದು ಲೆಕ್ಕ ಮಾಡುವುದೊಂದೇ. ಕಡತ ತೆರೆಯಲು, ಗಡಿಯಾರ ನೋಡಲು, ನೆಟ್‌ವರ್ಕ್ ಮುಟ್ಟಲು ಹೊರಗಿನವರು ಕೊಟ್ಟ ಫಂಕ್ಷನ್ ಬೇಕು. ಇಂಥ ಫಂಕ್ಷನ್‌ಗಳು ಹೇಗಿರಬೇಕು ಎಂದು ಹೇಳುವ, 2019ರಲ್ಲಿ ಬಂದ ವಾಸಿ (WASI) ಎಂಬ ಒಪ್ಪಂದ (ಕನ್ನಡದಲ್ಲಿ ಓದಿದರೆ ಕಾಯಿಲೆ ಗುಣವಾದಂತೆ ಕೇಳುತ್ತದೆ, ಇರಲಿ) ಕೇಪಬಿಲಿಟಿಯ ಮೇಲೇ ನಿಂತಿದೆ. ಯಾವ ಡೈರೆಕ್ಟರಿಯನ್ನು ಮೊದಲೇ ತೆರೆದು ಮಾಡ್ಯೂಲಿನ ಕೈಗೆ ಕೊಟ್ಟಿದ್ದೇವೋ ಅದರೊಳಗೆ ಮಾತ್ರ ಅದು ಓಡಾಡಬಹುದು. ಇದನ್ನು 'ಸಾಮರ್ಥ್ಯ ಆಧಾರಿತ ಭದ್ರತೆ' ಎಂದರೆ ಮಾಡ್ಯೂಲಿನ ತಾಕತ್ತಿನ ಮಾತು ಎಂದಾಗಿಬಿಡುತ್ತದೆ. ನನಗೆ ಹೊಳೆದದ್ದು 'ರಹದಾರಿ'. ಕೈಯಲ್ಲಿದ್ದರೆ ದಾರಿ ಉಂಟು, ಇಲ್ಲದಿದ್ದರೆ ಇಲ್ಲ. ಬೇರೆಯವರಿಗೆ ದಾಟಿಸಲೂ ಬಹುದು. 'ಅನುಮತಿ' ಎಂದರೆ ಯಾರೋ ಪ್ರತಿಸಲ ಹೆಸರು ಕೇಳಿ ಪಟ್ಟಿ ನೋಡಿದಂತೆ, ಅದು ಬೇರೆಯೇ ಪದ್ಧತಿ.

ಮಾಡ್ಯೂಲ್ ಎಷ್ಟು ಓಡಬಹುದು ಎಂದು ಮೊದಲೇ ಅಳೆದು ಕೊಡುವ 'ಫ್ಯೂಯೆಲ್'ಗೆ 'ಇಂಧನ' ಸರಿಯಾಗಿದೆ, ಚರ್ಚೆ ಬೇಕಿಲ್ಲ. ಮುಗಿಯದ ಲೂಪಿಗೆ ಸಿಕ್ಕ ಮಾಡ್ಯೂಲಿನ ಇಂಧನ ತೀರಿದರೆ ಅದು ನಿಲ್ಲುತ್ತದೆ. 'ಹೋಸ್ಟ್' (ಹೊರಗಿನ ಪ್ರೋಗ್ರಾಮ್) ಮತ್ತು 'ಗೆಸ್ಟ್' (ಒಳಗಿನ ಮಾಡ್ಯೂಲ್) ಪದಗಳನ್ನು 'ಆತಿಥೇಯ', 'ಅತಿಥಿ' ಮಾಡಲು ಮನಸ್ಸು ಒಪ್ಪುತ್ತಿಲ್ಲ. ಕೈಕಾಲು ಕಟ್ಟಿ ಕೂರಿಸಿದವರನ್ನು ಯಾರೂ ಅತಿಥಿ ಅನ್ನುವುದಿಲ್ಲ.

ನಿಮ್ಮಿಂದ ಬೇಕಾಗಿರುವುದು ಇಷ್ಟು. 'ನಾವು ನಂಬದ ಮಾಡ್ಯೂಲ್' ಎಂದು ಓದಿದಾಗ ಅದರ ಮೇಲೆ ಆರೋಪ ಹೊರಿಸಿದಂತೆ ಅನಿಸುತ್ತದೆಯೇ? 'ರಹದಾರಿ' ಈಗಿನ ಓದುಗರಿಗೆ ತಿಳಿಯುತ್ತದೆಯೇ, ಹಳೇ ಕಚೇರಿ ಕಾಗದದ ಪದ ಅನಿಸುತ್ತದೆಯೇ? ಟ್ರ್ಯಾಪ್‌ಗೆ 'ಮಾಡ್ಯೂಲ್ ಹೀಗಾಯಿತು' ಎಂದು ಒಂದೇ ಮಾತಿನಲ್ಲಿ ಹೇಳಬಹುದಾದ ಕ್ರಿಯಾಪದ ಯಾರ ಬಳಿಯಾದರೂ ಇದ್ದರೆ ಅದನ್ನು ಮೊದಲು ಕಳಿಸಿ. ಆ ಭಾಗ ಅಲ್ಲಿಗೇ ನಿಂತಿದೆ.

ವಂದನೆಗಳು.